ಎಷ್ಟು ಕಂಪ್ಯೂಟರುಗಳಲ್ಲಿ?

ಗ್ರಿಮ್ಸ್‌ಬಿಯ ಹಳೇ ಮೀನುಕಟ್ಟೆಯ ಹಿಂದೆ
ತಗಡು ಮಾಡಿನ ಸಮುದಾಯ ಭವನ.
ಮುಚ್ಚಿಹೋದ ಶೀತಲಗೃಹದ ಕಚೇರಿಯಿಂದ
ಬಂದಿಳಿದಿವೆ ಒಂಬತ್ತು ಕಂಪ್ಯೂಟರು.
ಫ್ಯಾನಿನ ಜಾಲರಿಯಲ್ಲಿ ಇನ್ನೂ ಕಾಡ್ ಮೀನಿನ ವಾಸನೆ.
ಒಂಬತ್ತಕ್ಕೂ ಸೇರಿ ಒಂದೇ ಡಿಸ್ಕು;
ಡಬ್ಬಿಯ ಬೆನ್ನಿಗೆ ಇಪ್ಪತ್ತೈದು ಅಕ್ಷರದ ಕೀಲಿ,
ಐದೈದರ ಗುಂಪು, ನಡುನಡುವೆ ಅಡ್ಡಗೀಟು,
ಎಷ್ಟು ಸಲ ಓದಿದರೂ ಬಾಯಿಗೆ ಹತ್ತದ ಮಗ್ಗಿ.

"ಎಲ್ಲದಕ್ಕೂ ಹಾಕಿಬಿಡೋಣ," ಎಂದ ವೆಸ್ಲಿ,
ಹತ್ತೊಂಬತ್ತರ ಹುಡುಗ, ಡಿಸೆಂಬರಿನಲ್ಲೂ ತೋಳಿಲ್ಲದ ಅಂಗಿ.
"ಯಾರು ಬಂದು ನೋಡ್ತಾರೆ?"
"ನಾನು ನೋಡ್ತೇನೆ," ಎಂದಳು ಡೋರೀನ್ ಕ್ರಿಬ್.
ಮೂವತ್ತೊಂದು ವರ್ಷ ಕಟ್ಟೆಯ ಮೇಲೆ ನಿಂತು
ಮೀನಿನ ಪೆಟ್ಟಿಗೆ ಎಣಿಸಿದವಳು.
ಒಂದು ಪೆಟ್ಟಿಗೆಗೆ ಒಂದು ಗೀಟು.
ಕನ್ನಡಕ ಏರಿಸಿ ಓದತೊಡಗಿದಳು ಕರಾರನ್ನು,
ಯಾರೂ ಓದದೆ ಒಪ್ಪಿಗೆ ಒತ್ತುವ ಅದನ್ನು,
ಗಟ್ಟಿಯಾಗಿ, ಎಲ್ಲರ ಚಹಾ ಆರುವ ತನಕ:
ನೀವು ಕೊಂಡದ್ದು ಡಿಸ್ಕನ್ನಲ್ಲ, ಬಳಸುವ ಹಕ್ಕನ್ನು.
ಒಂದು ಪ್ರತಿ, ಒಂದು ಯಂತ್ರ.
ಬೇರೆಡೆ ಹಾಕುವುದಾದರೆ ಮೊದಲಿನದರಿಂದ ಅಳಿಸಿ.
ಯಂತ್ರದ ಜೊತೆ ಹುಟ್ಟಿ ಬಂದದ್ದಾದರೆ
ಯಂತ್ರದ ಜೊತೆಯೇ ಸಾಯತಕ್ಕದ್ದು.
ಇದೇನು, ಸಹಗಮನವೇ? ಅಂದುಕೊಂಡೆ ನಾನು.

ನನಗೆ ನೆನಪಾದದ್ದು ಹೆಪ್ಪು.
ತಿಪಟೂರಿನ ವಠಾರದಲ್ಲಿ ಏಳು ಮನೆ.
ಯಾರ ಮನೆಯ ಮೊಸರು ಮುಗಿದರೂ
ಬಟ್ಟಲು ಹಿಡಿದು ಪಕ್ಕದ ಬಾಗಿಲಿಗೆ.
ಒಂದು ಚಮಚ ಕೊಟ್ಟರೆ ಕೊಟ್ಟವರ ಗಡಿಗೆ ತಗ್ಗದು,
ಬೆಳಗಾಗುವುದರೊಳಗೆ ಎರಡೂ ಮನೆಯಲ್ಲಿ
ಚಾಕುವಿಗೆ ಕೊಯ್ಯುವಂಥ ಮೊಸರು.
ಯಾವುದು ಮೂಲ, ಯಾವುದು ನಕಲು,
ಕೇಳಿದವರುಂಟೆ?

ಫೋನಿನಲ್ಲಿ ಚಾಲೂ ಮಾಡಿಸಬೇಕಿತ್ತು.
ಧ್ವನಿಮುದ್ರಿಕೆಯ ಹೆಂಗಸು, ದಣಿವಿಲ್ಲದ ದನಿ,
ಅಂಕಿಯ ಮೇಲೆ ಅಂಕಿ ಕೇಳಿ, ಕೊನೆಗೆ:
"ಈ ಪ್ರತಿಯನ್ನು ಎಷ್ಟು ಕಂಪ್ಯೂಟರುಗಳಲ್ಲಿ ಹಾಕಿದ್ದೀರಿ?"
ವೆಸ್ಲಿ ಚಾವಣಿ ನೋಡಿದ.
ಡೋರೀನಳ ಪೆನ್ಸಿಲು ಗಾಳಿಯಲ್ಲಿ, ಗೀಟೆಳೆಯಲು ಸಿದ್ಧ.
ಒಂಬತ್ತು ಕಪ್ಪು ಪರದೆಗಳಲ್ಲಿ
ಒಂಬತ್ತು ನಾನು.
"ಒಂದು," ಎಂದೆ.
ಸುಳ್ಳಲ್ಲ. ಆದರೂ ಗಂಟಲು ಒಣಗಿತ್ತು.

ಒಂದು ಬೆಳಗಿತು.
ಉಳಿದ ಎಂಟಕ್ಕೆ ವೆಸ್ಲಿ ಬೇರೊಂದು ವ್ಯವಸ್ಥೆ ತಂದ,
ಕಾಸಿಲ್ಲ, ಕೀಲಿಯಿಲ್ಲ, ಬೇಕಾದಷ್ಟು ಹಂಚು.
"ಹಾಗಾದರೆ ಅದರ ಕರಾರೂ ಇತ್ತ ಕೊಡು," ಎಂದಳು ಡೋರೀನ್.
ಓದಿದಳು ಅದನ್ನೂ ಕೊನೆಯ ಚುಕ್ಕೆಯ ತನಕ.
"ಇಲ್ಲೂ ಷರತ್ತಿದೆ ನೋಡು:
ನಿನಗೆ ಸಿಕ್ಕ ಸ್ವಾತಂತ್ರ್ಯವನ್ನು
ಮುಂದಿನವರಿಗೂ ದಾಟಿಸತಕ್ಕದ್ದು."
ನಾಲ್ಕನೆಯ ಯಂತ್ರ ಅದಕ್ಕೂ ಜಗ್ಗಲಿಲ್ಲ.
ಅದೀಗ ಬಾಗಿಲಿಗೆ ಒತ್ತು, ಗಾಳಿಗೆ ಬಡಿಯದಂತೆ.

ಹೌದಲ್ಲ, ಹೆಪ್ಪಿಗೂ ಇತ್ತು ಒಂದು ಕಲಮು, ಮರೆತಿದ್ದೆ:
ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು.
ಅಜ್ಜಿ ಒಂದು ದಿನ ತಪ್ಪಿದವಳಲ್ಲ.
ಬಾಣಂತಿ ಇದ್ದ ಮನೆಯಿಂದ ಬಂದರೂ
"ನಾಳೆ ಬಾರವ್ವ" ಎಂದು ಬಟ್ಟಲು ತಿರುಗಿಸುವಳು.
ಆ ಕಲಮು ಬರೆದವರು ಕಂಡಿರಲಿಲ್ಲ
ಮೂರೂವರೆಗೇ ದೀಪ ಹಚ್ಚುವ ಈ ಊರ ಡಿಸೆಂಬರನ್ನು.

ಬೀಗ ಹಾಕುವಾಗ ಡೋರೀನ್ ಕೇಳಿದಳು,
"ನಿನ್ನ ಡಬ್ಬಿಯಲ್ಲಿ ಬರುತ್ತದಲ್ಲ ಆ ಮೊಸರು,
ಅದನ್ನು ಮಾಡುವುದು ಹೇಗೆ?"
ಬೀದಿದೀಪ ಆಗಲೇ ಹತ್ತಿತ್ತು, ಹಡಗುಕಟ್ಟೆಯ ಕಡೆಯಿಂದ ಮಂಜು.
ಊಟದ ಡಬ್ಬಿಯ ತಳ ಕೆರೆದು
ಜಾಮಿನ ಖಾಲಿ ಬಾಟಲಿಗೆ ಎರಡು ಚಮಚ ಹಾಕಿಕೊಟ್ಟೆ.
ಮುಚ್ಚಳ ತಿರುಗಿಸುತ್ತ ಅವಳು, ಹುಬ್ಬೇರಿಸಿ:
"ಇದು ಎಷ್ಟು ಮನೆಗೆ?"